ವಿಶ್ವವಿಜೇತರೆಂಬ ಬಿರುದು ಯಾರಿಗೆ?

2025ರ ಜನವರಿಯಲ್ಲಿ ಹೊಸದಿಲ್ಲಿಯಲ್ಲಿ ಜರಗಿದ ಪ್ರಥಮ ಖೋ-ಖೋ ವಿಶ್ವಕಪ್ ಪಂದ್ಯಾಟದಲ್ಲಿ ಭಾರತದ ಪುರುಷರೂ ಮಹಿಳೆಯರೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಎರಡೂ ಕಪ್‌ಗಳನ್ನು ಗೆದ್ದರು. ವಿಜೇತರಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರು. ಕರ್ನಾಟಕ ಸರಕಾರವು ತಲಾ 5 ಲಕ್ಷ ರೂಪಾಯಿ ಘೋಷಿಸಿದಾಗ ಅವರಿಬ್ಬರೂ ಅದು ಬೇಡವೆಂದರು. ಮಹಾರಾಷ್ಟ್ರವು ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಘೋಷಿಸಿತ್ತು. ಆಡಿದ್ದು ಒಂದೇ ಕಪ್ಪಿಗಾಗಿ; ರಾಜ್ಯದ ಗಡಿ ದಾಟುವಷ್ಟರಲ್ಲಿ ಅದರ ಬೆಲೆ 45 ಪಟ್ಟು ಹೆಚ್ಚು ಕಡಿಮೆಯಾಯಿತು!

ಇದಕ್ಕೆ ಸರಕಾರಗಳ ಜಿಪುಣತನ ಅಥವಾ ಧಾರಾಳತನ ಮಾತ್ರ ಕಾರಣವೆಂದು ನಮಗೆ ತೋರುವುದಿಲ್ಲ. ನಮ್ಮದೇ ಆಟ, ನಮ್ಮದೇ ಅಂಗಣ, ಇತರರು ನಿನ್ನೆ ಮೊನ್ನೆ ಕಲಿತವರು, ಇದಕ್ಕೆ ವಿಶ್ವದ ಹೆಸರೇಕೆ ಎಂಬ ಸಂಶಯ ಹಲವರಲ್ಲಿದೆ. ನಮ್ಮ ಮಹಿಳೆಯರು ದಕ್ಷಿಣ ಕೊರಿಯವನ್ನು 175-18 ಅಂಕಗಳಿಂದ ಸೋಲಿಸಿದ್ದನ್ನು ನೋಡಿದರೆ ಆ ಸಂಶಯವನ್ನು ತಳ್ಳಿಹಾಕುವಂತೆಯೂ ಇಲ್ಲ.

ಅಮೇರಿಕದವರಿಗೆ ಇಂತಹ ಸಂಕೋಚವೇ ಇಲ್ಲ. ಅವರ ದೇಶದ ಬೇಸ್‌ಬಾಲ್ ಲೀಗುಗಳ ಅಂತಿಮ ಸ್ಪರ್ಧೆಗೆ 1903ರಿಂದಲೂ ‘ವರ್ಲ್ಡ್ ಸೀರೀಸ್’ ಎಂದೇ ಹೆಸರು. ಹೊರಗಿನವರೆಂದರೆ ಕೆನಡದ ಟೊರಾಂಟೋ ತಂಡ ಮಾತ್ರ. ಆದರೆ 2006ರಲ್ಲಿ ದೇಶ ದೇಶಗಳ ತಂಡಗಳೊಳಗೆ ಬೇಸ್‌ಬಾಲ್ ಪಂದ್ಯಾಟ ಏರ್ಪಟ್ಟಾಗ ಕಪ್ ಗೆದ್ದದ್ದು ಜಪಾನ್, 2009ರಲ್ಲಿಯೂ ಜಪಾನ್. ಬಾಸ್ಕೆಟ್‌ಬಾಲಿನ ಕಥೆ ಇನ್ನೂ ಸ್ವಾರಸ್ಯಕರ. 2023ರ ಆಗಸ್ಟ್‌ನಲ್ಲಿ ಬುಡಾಪೆಸ್ಟಿನಲ್ಲಿ ಮೂರು ಚಿನ್ನ ಗೆದ್ದ ಓಟಗಾರ ನೋಆ ಲೈಲ್ಸ್, ತನ್ನ ದೇಶದ ಲೀಗ್ ಗೆದ್ದವರು ವಿಶ್ವವಿಜೇತರೆಂದು ಹೇಳಿಕೊಳ್ಳುವುದು ಹೇಗೆಂದು ಬಹಿರಂಗವಾಗಿ ಕೇಳಿದ. ಜಗತ್ತಿನ ಉತ್ತಮ ಆಟಗಾರರೆಲ್ಲ ನಮ್ಮಲ್ಲಿಗೇ ಬಂದು ಆಡುತ್ತಾರಲ್ಲ ಎಂಬುದು ಲೀಗಿನ ಪರ ವಹಿಸುವವರ ವಾದ. ಮಾತಿನಲ್ಲಿ ಹುರುಳಿದೆ. ಆದರೆ ಮರುತಿಂಗಳೇ ವಿಶ್ವಕಪ್‌ನ ಸೆಮಿಫೈನಲ್‌ನಲ್ಲಿ ಅಮೇರಿಕವು ಜರ್ಮನಿಗೆ ಸೋತು, ಕೊನೆಗೆ ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ಒಳ್ಳೆಯ ಆಟಗಾರರನ್ನು ಸಂಬಳ ಕೊಟ್ಟು ಸೇರಿಸುವುದು ಬೇರೆ, ಅವರ ದೇಶಗಳನ್ನು ಎದುರಿಸುವುದು ಬೇರೆ.

ಅಮೇರಿಕದವರನ್ನು ನೋಡಿ ನಗುವ ಮೊದಲು ನಮ್ಮನ್ನೂ ನೋಡಿಕೊಳ್ಳೋಣ. ಅಕ್ಕಪಕ್ಕದ ಎರಡು ಜಿಲ್ಲೆಗಳ ತಂಡಗಳು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಆಡುವ ಕಬಡ್ಡಿಗೆ ‘ಅಖಿಲ ಭಾರತ ಮಟ್ಟದ ಪಂದ್ಯಾಟ’ವೆಂದು ಬ್ಯಾನರ್ ಕಟ್ಟುವುದರಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ, ಲೆಕ್ಕ ಹಾಕಿ ಉಸೇನ್ ಬೋಲ್ಟನ ದಾಖಲೆ ಮುರಿಯಿತೆಂದು ಕುಣಿದವರು ನೋಡುಗರು. ಕೆಸರಿನ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂಬ ವಿವೇಕ ತೋರಿದವರು ಗೌಡರೇ.

ಹಾಗಾದರೆ ಅಳತೆಗೋಲು ಯಾವುದು? ದೇಶಗಳ ಸಂಖ್ಯೆಯೊಂದೇ ಅಲ್ಲ. 1983ರಲ್ಲಿ ನಾವು ಗೆದ್ದ ಕ್ರಿಕೆಟ್ ವಿಶ್ವಕಪ್‌ನಲ್ಲಿ ಆಡಿದ್ದು ಎಂಟೇ ತಂಡಗಳು. ದಿಲ್ಲಿಯ ಖೋ-ಖೋದಲ್ಲಿ ಪುರುಷರ ವಿಭಾಗದಲ್ಲೇ 20. ಆದರೂ 1983ರ ಕಪ್ಪನ್ನು ಯಾರೂ ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಅಲ್ಲಿ ನಾವು ಸೋಲುವ ಸಂಭವವೇ ಹೆಚ್ಚಿತ್ತು. ಹೊರಗಿನವನು ಬಂದು ಮನೆಯವನನ್ನು ಕೆಡವಲು ಸಾಧ್ಯವಿದ್ದರೆ ಮಾತ್ರ ಆ ಬಿರುದಿಗೆ ತೂಕ ಬರುತ್ತದೆಂಬುದು ನಮ್ಮ ಅಭಿಪ್ರಾಯ.

ಕಬಡ್ಡಿಯನ್ನೇ ನೋಡಬಹುದು. 1990ರ ಬೀಜಿಂಗ್‌ನಿಂದ 2014ರ ತನಕ ಏಷ್ಯನ್ ಕ್ರೀಡಾಕೂಟದ ಏಳು ಚಿನ್ನಗಳೂ ನಮ್ಮ ಪುರುಷರಿಗೇ ಬಂದವು. ಅದೊಂದು ವಾಡಿಕೆಯೇ ಆಗಿಬಿಟ್ಟಿತ್ತು. 2018ರಲ್ಲಿ ಜಕಾರ್ತದಲ್ಲಿ ಮೊದಲು ದಕ್ಷಿಣ ಕೊರಿಯ 24-23ರಿಂದಲೂ ಸೆಮಿಫೈನಲ್‌ನಲ್ಲಿ ಇರಾನ್ 27-18ರಿಂದಲೂ ನಮ್ಮನ್ನು ಸೋಲಿಸಿದವು. ಮಹಿಳೆಯರೂ ಫೈನಲ್‌ನಲ್ಲಿ ಇರಾನಿಗೆ ಮಣಿದರು. ಆ ಇರಾನ್ ತಂಡವನ್ನು ಪಳಗಿಸಿದ್ದವರು ಮಹಾರಾಷ್ಟ್ರದ ಶೈಲಜಾ ಜೈನ್. ಅಂದು ನಮ್ಮವರಿಗೆ ಆದ ದುಃಖ ಸಹಜ. ಆದರೆ ಕಬಡ್ಡಿ ನಿಜಕ್ಕೂ ಲೋಕದ ಆಟವಾದದ್ದು ಆ ದಿನವೇ. ಮುಂದೆ 2023ರಲ್ಲಿ ಹಾಂಗ್‌ಝೌದಲ್ಲಿ ಇರಾನನ್ನು 33-29ರಿಂದ ಗೆದ್ದು ಮರಳಿ ಪಡೆದ ಚಿನ್ನದ ತೂಕ, ಹಿಂದಿನ ಏಳಕ್ಕಿಂತ ಹೆಚ್ಚೇ.

ಖೋ-ಖೋ ಇನ್ನೂ ಅಲ್ಲಿಗೆ ತಲುಪಿಲ್ಲ. ಹಾಗೆಂದು ಅದು ಅಮೇರಿಕದ ಲೀಗಿನಂತೆ ಬಾಗಿಲು ಮುಚ್ಚಿಕೊಂಡು ಪಡೆದ ಬಿರುದೂ ಅಲ್ಲ. ದೇಶಗಳನ್ನು ಕರೆಯಲಾಗಿತ್ತು, ಅವು ಬಂದವು, ಆಡಿದವು. ಎದುರಾಳಿ ದುರ್ಬಲನಾದುದು ಗೌತಮ್, ಚೈತ್ರಾ ಅವರ ತಪ್ಪಲ್ಲ. ಬಿರುದಿನ ತೂಕವನ್ನು ಕುರಿತು ಚರ್ಚೆ ನಡೆಯಲಿ, ಆದರೆ ಆ ಚರ್ಚೆಯ ನೆಪದಲ್ಲಿ ಆಟಗಾರರ ಪಾಲನ್ನು ಕಡಿಮೆ ಮಾಡುವುದು ನ್ಯಾಯವಲ್ಲ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಓದಿ ಕೇರಳದ ಬನಿಯನು ತೊಟ್ಟು ಆಡುವ ನಮ್ಮ ಮಕ್ಕಳಿಗಂತೂ ಇದು ದೂರದ ಮಾತಲ್ಲ. ಅವರು ಗೆದ್ದು ತಂದ ಪ್ರಮಾಣಪತ್ರದ ಬೆಲೆಯನ್ನು ಕಟ್ಟುವುದು ಬೆಂಗಳೂರಲ್ಲ, ತಿರುವನಂತಪುರ.

175-18ನ್ನು ಎತ್ತಿ ಆಡುವವರಿಗೆ ಇನ್ನೊಂದು ಅಂಕವನ್ನೂ ನೆನಪಿಸಬೇಕಾಗಿದೆ. ಅದೇ ಪಂದ್ಯಾಟದ ಮೊದಲ ದಿನ ನಮ್ಮ ಪುರುಷರು ನೇಪಾಳವನ್ನು ಗೆದ್ದದ್ದು 42-37ರಿಂದ. ಐದೇ ಅಂಕಗಳ ಅಂತರ.