ಬಂಗಲೆ ಎಂಬ ಗುಡಿಸಲು



ಹೋದ ತಿಂಗಳು ಊರಿನಿಂದ ಚಿಕ್ಕಪ್ಪ ಫೋನು ಮಾಡಿದ್ದರು. "ತೋಟದ ಮೇಲಿನ ಗುಡ್ಡದಲ್ಲಿ ನಾಲ್ಕು ಮರದ ಕ್ಯಾಬಿನ್ ಮಾಡ್ಸೋಣ ಅಂತಿದೀನಿ ಮಾರಾಯ. ಪೇಟೆಯವ್ರು ಬಂದು ಉಳ್ಕೊಳ್ತಾರೆ. ಪ್ರಕೃತಿ ಜೊತೆ ಬೆರೆತ ಹಾಗೆ ಇರ್ಬೇಕಂತೆ. ನೀನು ಓದಿದವ, ಏನಂತೀಯ?" ನಾನು ಕೋಲ್ಕತ್ತಾದಲ್ಲಿ ಓದುತ್ತಿರುವುದು ಇತಿಹಾಸವನ್ನು, ಮನೆ ಕಟ್ಟುವ ವಿದ್ಯೆಯನ್ನಲ್ಲ. ಆದ್ದರಿಂದ "ಯೋಚಿಸಿ ಹೇಳ್ತೀನಿ" ಎಂದು ತಪ್ಪಿಸಿಕೊಂಡೆ. ಯೋಚಿಸಿದ್ದನ್ನು ಈಗ ಚಿಕ್ಕಪ್ಪನಿಗಿಂತ ಮೊದಲು ನಿಮ್ಮ ಮುಂದಿಡುತ್ತಿದ್ದೇನೆ. ನಮ್ಮಲ್ಲಿ ಅರ್ಧದಷ್ಟು ಜನರ ಮನೆಗಳಲ್ಲಿ ಇಂದು ಇದೇ ಮಾತು ನಡೆಯುತ್ತಿದೆ ಎಂಬುದು ನನಗೆ ಗೊತ್ತು.

ಮೊದಲು ಒಂದು ಶಬ್ದದ ವಿಚಾರ. 'ಬಂಗಲೆ' ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಗೇಟು, ಕಾರು, ನಾಯಿ. ಆದರೆ ಈ ಶಬ್ದ ಹುಟ್ಟಿದ್ದು ಬಂಗಾಳದ ರೈತನ ಗುಡಿಸಲಿನಿಂದ. ಬಿದಿರನ್ನು ಬಗ್ಗಿಸಿ, ಮೇಲೆ ಹುಲ್ಲು ಹೊದಿಸಿ, ಮಣ್ಣಿನ ಎತ್ತರದ ಜಗಲಿಯ ಮೇಲೆ ನಿಲ್ಲಿಸಿದ ಮನೆ ಅದು. ಮಾಡಿನ ಬೆನ್ನು ಬಾಗಿರುವುದು ಚಂದಕ್ಕಷ್ಟೇ ಅಲ್ಲ, ಮಳೆ ನೀರು ನಿಲ್ಲದೆ ಜಾರಿ ಹೋಗಲಿ ಎಂದು. ಜಗಲಿ ಎತ್ತರವಾಗಿರುವುದು ನೆರೆಯ ನೀರು ಒಳಗೆ ಬಾರದಿರಲಿ ಎಂದು. ಬಿಷ್ಣುಪುರದ ಮಲ್ಲ ಅರಸರು ೧೬೫೫ರಲ್ಲಿ ಕಟ್ಟಿಸಿದ ಜೋಡ ಬಾಂಗ್ಲಾ ದೇವಾಲಯವನ್ನು ನೋಡಿ: ಎರಡು ಗುಡಿಸಲುಗಳನ್ನು ಪಕ್ಕಪಕ್ಕ ಇಟ್ಟು ಇಟ್ಟಿಗೆಯಲ್ಲಿ ಎರಕ ಹೊಯ್ದ ಹಾಗಿದೆ. ದೇವರಿಗೂ ಆ ಊರಿನಲ್ಲಿ ಬಡವನ ಮಾಡೇ ಬೇಕಾಯಿತು. ಮೊಗಲರು ಅದನ್ನು ಅಮೃತಶಿಲೆಗೆ ಏರಿಸಿದರು. ಇಂಗ್ಲಿಷರು ಹೆಸರನ್ನು ಉಳಿಸಿಕೊಂಡು, ಸುತ್ತ ವರಾಂಡ ಹಾಕಿ, ದೊರೆಗಳ ಮನೆ ಮಾಡಿದರು. ಹೀಗೆ ಗುಡಿಸಲು ಊರೆಲ್ಲ ಸುತ್ತಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಸಾಹುಕಾರನಾಗಿತ್ತು.

ಈಗ ಅದೇ ಪ್ರಯಾಣ ತಿರುವುಮುರುವಾಗಿದೆ. ಸಾಹುಕಾರನಿಗೆ ಗುಡಿಸಲು ಬೇಕಾಗಿದೆ! ಬೇಕಾಗಲಿ, ತಪ್ಪೇನಿಲ್ಲ. ಆದರೆ 'ಪ್ರಕೃತಿಯ ಜೊತೆ ಬೆರೆಯುವುದು' ಎಂದರೆ ಏನು ಎಂಬುದನ್ನು ಕೇಳಲೇಬೇಕು. ಹಸಿರು ಬಣ್ಣ ಬಳಿಯುವುದೆ? ಜೆಸಿಬಿ ತಂದು ಗುಡ್ಡವನ್ನು ಕಡಿದು ಸಮತಟ್ಟು ಮಾಡಿ, ಅದರ ಮೇಲೆ ಎಲ್ಲಿಂದಲೋ ಲಾರಿಯಲ್ಲಿ ಬಂದ ಮರದ ಪೆಟ್ಟಿಗೆ ಇಟ್ಟರೆ ಅದು ಬೆರೆತ ಹಾಗಾಯಿತೆ? ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಮನೆ ತೋಟಗಳ ಸಮೇತ ಜಾರಿದ್ದನ್ನು ನಾವೆಲ್ಲ ನೋಡಿದ್ದೇವೆ. ಆ ಮೇಲೂ ಗುಡ್ಡದ ಕಾಲನ್ನು ಕಡಿಯುವವನಿಗೆ ಏನೆನ್ನೋಣ?

ಕೋಲ್ಕತ್ತಾದ ಪೂರ್ವಕ್ಕೆ ಸುಮಾರು ೧೨,೫೦೦ ಹೆಕ್ಟೇರಿನ ಜೌಗು ಪ್ರದೇಶವಿದೆ. ೨೦೦೨ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ನಗರದ ಕೊಳಚೆ ನೀರು ಅಲ್ಲಿನ ಕೆರೆಗಳಿಗೆ ಹರಿದು, ಬಿಸಿಲಿಗೆ ಪಾಚಿಯಾಗಿ, ಪಾಚಿ ಮೀನಿಗೆ ಆಹಾರವಾಗಿ, ಮೀನು ಮತ್ತೆ ನಗರದ ತಟ್ಟೆಗೆ ಬರುತ್ತದೆ. ಆ ಕೆರೆಗಳ ದಂಡೆಯ ಮೇಲೆ ಮೀನು ಕಾಯುವವರ ಪುಟ್ಟ ಗುಡಿಸಲುಗಳಿವೆ. ಬಿದಿರಿನ ಕಾಲು, ಚಾಪೆಯ ಗೋಡೆ, ಒಬ್ಬ ಮಲಗುವಷ್ಟು ಜಾಗ. ಯಾವ ವಾಸ್ತುಶಿಲ್ಪಿಯೂ ಅದಕ್ಕೆ ನಕ್ಷೆ ಬರೆದಿಲ್ಲ. ಆದರೂ ದೂರದಿಂದ ನೋಡಿದರೆ ಆ ದಂಡೆಯಲ್ಲೇ ಚಿಗುರಿದಂತೆ ಕಾಣುತ್ತದೆ. ಕಾರಣ ಸರಳ: ಅಲ್ಲಿ ಕೆಲಸವಿದೆ, ಆದ್ದರಿಂದ ಗುಡಿಸಲಿದೆ. ಕಾಲು ಲಡ್ಡಾದರೆ ಬದಲಿಸಲು ಕತ್ತಿ ಹಿಡಿದ ಅದೇ ಮನುಷ್ಯನಿದ್ದಾನೆ.

ಇಷ್ಟು ಬರೆದು ನಿಲ್ಲಿಸಿದ್ದರೆ ನಾನೂ ಒಬ್ಬ ಭಾವುಕನಾಗಿ ಬಿಡುತ್ತಿದ್ದೆ. ನಮ್ಮ ಮೆಸ್ಸಿನಲ್ಲಿ ಅಡುಗೆ ಮಾಡುವ ಮಾಶಿ ಸುಂದರಬನದ ಕಡೆಯವರು. ಅವರ ಮಣ್ಣಿನ ಮನೆಯನ್ನು ೨೦೦೯ರ 'ಐಲಾ' ಚಂಡಮಾರುತ ಒಮ್ಮೆ ಕೆಡವಿತು. ಮತ್ತೆ ಕಟ್ಟಿಕೊಂಡದ್ದನ್ನು ೨೦೨೦ರ 'ಅಂಫಾನ್' ಕೆಡವಿತು. ಹುಲ್ಲಿನ ಮಾಡಿನ ಸೊಗಸನ್ನು ನಾನು ವರ್ಣಿಸುತ್ತಿದ್ದಾಗ ಅವರು ಮೀನು ಹೆಚ್ಚುತ್ತಲೇ ಹೇಳಿದರು: "ಹಾಗಾದ್ರೆ ನೀನೇ ಬಂದು ಇರಪ್ಪ. ನನಗೆ ಪಕ್ಕಾ ಮನೆ ಕೊಡು." ನನ್ನ ಬಾಯಿ ಕಟ್ಟಿತು. ಗುಡಿಸಲಲ್ಲಿ ಇರುವವರಿಗೆ ಕಾಂಕ್ರೀಟು ಬೇಕು, ಕಾಂಕ್ರೀಟಿನಲ್ಲಿ ಇರುವವರಿಗೆ ಗುಡಿಸಲು ಬೇಕು. ಈ ಕಂದರದ ಮೇಲೆ ಹಾಸಿದ ಹಲಗೆಗೇ ನಾವು 'ಪರಿಸರಸ್ನೇಹಿ' ಎಂಬ ಬೋರ್ಡು ಹಾಕುತ್ತಿದ್ದೇವೆಯೆ?

ಶಾಂತಿನಿಕೇತನದ 'ಶ್ಯಾಮಲಿ' ನನಗೆ ಮುಖ್ಯವಾಗುವುದು ಇಲ್ಲಿಯೇ. ೧೯೩೫ರಲ್ಲಿ ರವೀಂದ್ರರು ತಮಗಾಗಿ ಕಟ್ಟಿಸಿಕೊಂಡ ಮಣ್ಣಿನ ಮನೆ ಅದು. ನಕ್ಷೆ ಸುರೇಂದ್ರನಾಥ ಕರ್ ಅವರದು. ಗೋಡೆಯ ಉಬ್ಬುಚಿತ್ರಗಳು ನಂದಲಾಲ ಬೋಸರು ಮತ್ತು ಕಲಾಭವನದವರದು. ಮಾಡೂ ಮಣ್ಣಿನದೇ ಆಗಲಿ ಎಂದು ಕವಿ ಹಟ ಹಿಡಿದರು. ಬಡವರ ಹುಲ್ಲಿನ ಮಾಡು ಬೆಂಕಿಗೆ ತುತ್ತಾಗುತ್ತದೆ, ಮಣ್ಣಿನ ಮಾಡು ಉಳಿದರೆ ಹಳ್ಳಿಗೇ ಒಂದು ದಾರಿಯಾದೀತು ಎಂಬುದು ಅವರ ಲೆಕ್ಕ. ಅವರು ಮಣ್ಣಿನ ಮನೆಯನ್ನು ಅತಿಥಿಗಳಿಗೆ ಬಾಡಿಗೆಗೆ ಕೊಡಲಿಲ್ಲ, ತಾವೇ ಒಳಗೆ ಹೋಗಿ ವಾಸಮಾಡಿದರು. ಪ್ರಯೋಗ ಎಂದರೆ ಅದು: ಸೋರಿದರೆ ಮೊದಲು ನೆನೆಯುವುದು ತನ್ನ ತಲೆಯೇ.

ಆದ್ದರಿಂದ ಚಿಕ್ಕಪ್ಪನಿಗೆ ನಾನು ಹೇಳಬೇಕೆಂದಿರುವುದು ಇಷ್ಟು. ಗುಡ್ಡ ಮುಟ್ಟುವುದು ಬೇಡ; ಹಳೆಯ ಕೊಟ್ಟಿಗೆಯ ಜಾಗ ಸಮತಟ್ಟಾಗಿಯೇ ಇದೆ. ನಾಲ್ಕು ಬೇಡ, ಎರಡು ಸಾಕು. ಮರ ಕೊಳೆಯುವುದು ನೆಲ ಮುಟ್ಟುವಲ್ಲಿ, ಆದ್ದರಿಂದ ನಮ್ಮ ಅಜ್ಜಂದಿರು ಮಾಡಿದಂತೆ ಕಂಬದ ಬುಡಕ್ಕೆ ಕಲ್ಲು ಇರಲಿ. ಇರಚಲು ಗೋಡೆಗೆ ಬಡಿಯದಂತೆ ಸೂರು ಉದ್ದ ಇಳಿಯಲಿ. ಬಲಿತ ಬಿದಿರನ್ನು ಕಡಿದು ಕೆಲವು ವಾರ ಕೆರೆಯ ನೀರಿನಲ್ಲಿ ಮುಳುಗಿಸಿಟ್ಟರೆ ಅದರ ಹಿಟ್ಟಿನಂಶ ಹೋಗಿ ಹುಳ ಹಿಡಿಯುವುದು ಕಡಿಮೆಯಾಗುತ್ತದೆ. ಬಂಗಾಳದ ಹಳ್ಳಿಯವರು ಇದನ್ನು ಬಲ್ಲರು. ೨೦೧೭ರ ತಿದ್ದುಪಡಿಯ ನಂತರ ಕೇಂದ್ರದ ಅರಣ್ಯ ಕಾಯಿದೆ ಬಿದಿರನ್ನು 'ಮರ' ಎಂದು ಕರೆಯುವುದೂ ಇಲ್ಲ. ಅಡಿಕೆ ದಬ್ಬೆ ಮನೆಯಲ್ಲೇ ಇದೆ. ಕೆಲಸ ಊರಿನ ಆಚಾರಿಯೇ ಮಾಡಲಿ. ಹತ್ತು ವರ್ಷದ ಮೇಲೆ ರಿಪೇರಿಗೂ ಅವನ ಮಗನೇ ಬಂದಾನು. ಕಕ್ಕಸಿನ ಗುಂಡಿ ಮಾತ್ರ ಒರತೆಯ ಮೇಲುಗಡೆ ಬೇಡವೇ ಬೇಡ.

ಕೊನೆಯ ಮಾತು ಹೇಳಲು ಕಷ್ಟ. ತೋಟದ ಕೆಳಗೆ ನಮ್ಮ ಆಳುಗಳ ಮೂರು ಮನೆಗಳಿವೆ. ಮಳೆಗಾಲದಲ್ಲಿ ಪಾತ್ರೆಯಿಟ್ಟು ಮಲಗುತ್ತಾರೆ. ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದೇನೆ, ಎಂದೂ ಕೇಳಿಲ್ಲ. ಆ ಆಚಾರಿ, ಆ ಕಲ್ಲು, ಆ ಬಿದಿರು, ಆ ಉದ್ದ ಸೂರು ಮೊದಲು ಅಲ್ಲಿಗೆ ಹೋಗಲಿ. ಅವರಿಗೆ ಹೆಂಚು ಬೇಕೆಂದರೆ ಹೆಂಚು, ತಾರಸಿ ಬೇಕೆಂದರೆ ತಾರಸಿ. ಅದಾದ ಮೇಲೆ ಪೇಟೆಯವರ ಕ್ಯಾಬಿನ್. ಸುತ್ತಲಿನ ಮನುಷ್ಯರ ಜೊತೆ ಬೆರೆಯದ ಮನೆ ಮರಗಿಡದ ಜೊತೆ ಬೆರೆಯುತ್ತದೆ ಎಂದರೆ ನಾನು ನಂಬಲಾರೆ.

ಚಿಕ್ಕಪ್ಪ ಸಿಟ್ಟಾಗಬಹುದು. "ಕಳ್ಸಿದ್ದು ಓದೋಕೆ, ಲೆಕ್ಚರ್ ಕೊಡೋಕಲ್ಲ" ಅಂದಾರು. ಅನ್ನಲಿ. ದಸರಾಕ್ಕೆ ಊರಿಗೆ ಹೋದಾಗ ಎದುರು ಕೂತೇ ಹೇಳುತ್ತೇನೆ. ನನ್ನದು ತಪ್ಪೆಂದು ಕಂಡವರು ಮುಂದಿನ ಸಂಚಿಕೆಯಲ್ಲಿ ಬರೆಯಿರಿ. ಹೋಗುವ ಮೊದಲೇ ತಿದ್ದಿಕೊಳ್ಳಬಹುದು.