ಟೈರ್ ಶೋಕಿಗಲ್ಲ, ದಾರಿಗೆ

ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ಈಗ ಅಡ್ವೆಂಚರ್ ಬೈಕುಗಳದ್ದೇ ದರ್ಬಾರು. ಹಿಮಾಲಯನ್, ಎಕ್ಸ್‌ಪಲ್ಸ್‌ಗಳು ಸಾಲಾಗಿ ನಿಂತಿರುತ್ತವೆ. ಕೆಲವಕ್ಕೆ ಕಂಪನಿಯ ಟೈರ್ ತೆಗೆಸಿ, ಟ್ರ್ಯಾಕ್ಟರಿನಂತೆ ದಪ್ಪ ಬಟನ್ ಇರುವ ಆಫ್‌ರೋಡ್ ಟೈರ್ ಹಾಕಿಸಲಾಗಿದೆ. ರೀಲ್ಸ್‌ನಲ್ಲಿ ನೋಡಲು ಚೆಂದ. ಆದರೆ ಇವು ಓಡುವುದು ಎಲ್ಲಿ? ಮನೆ, ಕಾಲೇಜು, ಕೋಚಿಂಗ್ ಕ್ಲಾಸು, ಭಾನುವಾರದ ಹೆದ್ದಾರಿ. ಬಹುಪಾಲು ಡಾಂಬರು ರಸ್ತೆಯೇ.

ಹೋದ ಮಳೆಗಾಲದಲ್ಲಿ ಗೆಳೆಯನ ಹಿಂದೆ ಕುಳಿತು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ತಿರುವಿನಲ್ಲಿ ಬಸ್ ಎದುರಾಯಿತು. ಅವನು ಬ್ರೇಕ್ ಹಿಡಿದ, ಬೈಕ್ ನಿಲ್ಲದೆ ಜಾರಿತು. ವೇಗ ಹೆಚ್ಚಿರಲಿಲ್ಲ. ನನಗೆ ತರಚು ಗಾಯ, ಅವನ ಬಲ ಮಣಿಕಟ್ಟು ಮುರಿಯಿತು. ವರ್ಷವಿಡೀ ಓದಿದ್ದ ಪರೀಕ್ಷೆ ಮರುವಾರವೇ ಇತ್ತು, ಬರೆಯಲಾಗಲಿಲ್ಲ. ಟೈರ್ ಹಾಕಿಸಿ ಐದೇ ತಿಂಗಳಾಗಿತ್ತು. ಹಿಂದಿನದರ ನಡುಭಾಗ ಆಗಲೇ ಸವೆದು ಚಪ್ಪಟೆಯಾಗಿತ್ತು.

ಮಣ್ಣಿನಲ್ಲಿ ದಪ್ಪ ಬಟನ್‌ಗಳು ನೆಲಕ್ಕೆ ಇಳಿದು ಕಚ್ಚಿಕೊಳ್ಳುತ್ತವೆ. ಡಾಂಬರಿನಲ್ಲಿ ಅವುಗಳ ತಲೆ ಮಾತ್ರ ತಾಗುತ್ತದೆ. ಇಡೀ ಬೈಕಿನ ಭಾರ ಅಷ್ಟೇ ರಬ್ಬರಿನ ಮೇಲೆ. ಬ್ರೇಕ್ ಹಿಡಿದಾಗ, ಎಕ್ಸಲರೇಟರ್ ತಿರುವಿದಾಗ ಬಟನ್‌ಗಳು ಬಾಗುತ್ತವೆ, ಬಿಸಿಯಾಗುತ್ತವೆ, ಬೇಗ ಸವೆಯುತ್ತವೆ. ಒದ್ದೆ ರಸ್ತೆಯಲ್ಲಿ ಹಿಡಿತವೂ ಕಡಿಮೆ. ಎಂಜಿನ್ನಿನ ಎಳೆತವೆಲ್ಲ ಹಿಂದಿನ ಚಕ್ರಕ್ಕೆ ಬೀಳುವುದರಿಂದ ಮೊದಲು ಸವೆಯುವುದು ಅದೇ.

ಹಾಗೆಂದು ಆಫ್‌ರೋಡ್ ಟೈರ್ ಕೆಟ್ಟದ್ದಲ್ಲ. ಕಾಫಿ ತೋಟದ ಕೆಸರು ದಾರಿಯಲ್ಲಿ ದಿನವೂ ಓಡಾಡುವವರಿಗೆ ಅದೇ ಸರಿ. ಉಳಿದವರಿಗೆ ಎರಡೂ ದಾರಿಗೆ ಹೊಂದುವ, ಬಟನ್‌ಗಳ ನಡುವೆ ಅಂತರ ಕಡಿಮೆ ಇರುವ ಟೈರ್ ಸಾಕು. ಅಪರೂಪದ ಮಣ್ಣಿನ ದಾರಿಯಲ್ಲಿ ನಿಧಾನವಾಗಿ ಹೋದರಾಯಿತು.

ಇನ್ನೊಂದು ತಪ್ಪನ್ನೂ ನಾವು ಮಾಡುತ್ತೇವೆ. ಅಂಗಡಿಯಲ್ಲಿ ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಎಷ್ಟು ಕಿಲೋಮೀಟರ್ ಬರುತ್ತೆ?" ಗಟ್ಟಿ ರಬ್ಬರ್ ಹೆಚ್ಚು ದಿನ ಬಾಳುತ್ತದೆ ನಿಜ, ಆದರೆ ಸಾಮಾನ್ಯವಾಗಿ ಮಳೆಯಲ್ಲಿ ಅದರ ಹಿಡಿತ ಮೆತ್ತನೆಯ ರಬ್ಬರಿನಷ್ಟಿರುವುದಿಲ್ಲ. ಮಲೆನಾಡು, ಕರಾವಳಿಯಲ್ಲಿ ಓಡಿಸುವವರು ಬಾಳಿಕೆಯ ಜೊತೆಗೆ ಇದನ್ನೂ ಕೇಳಬೇಕು.

ಕೆಲಸ ಹುಡುಕುತ್ತಿರುವವರ ಕೈಯಲ್ಲಿ ಕಾಸಿರುವುದಿಲ್ಲ, "ಇನ್ನೊಂದು ತಿಂಗಳು ಓಡಲಿ" ಎನ್ನುತ್ತೇವೆ. ದ್ವಿಚಕ್ರ ವಾಹನದ ಟೈರಿನಲ್ಲಿ ಕನಿಷ್ಠ 0.8 ಮಿ.ಮೀ. ಆಳದ ಗೆರೆ ಉಳಿದಿರಬೇಕು ಎಂಬುದು ನಿಯಮ. ಅಳತೆಪಟ್ಟಿ ಬೇಡ. ಟೈರಿನ ಅಂಚಿನಲ್ಲಿ 'ಟಿಡಬ್ಲ್ಯುಐ' ಎಂಬ ಅಕ್ಷರ ಅಥವಾ ಸಣ್ಣ ತ್ರಿಕೋನ ಇರುತ್ತದೆ. ಅದರ ನೇರಕ್ಕೆ ಗೆರೆಯೊಳಗೆ ಉಬ್ಬು ಕಾಣುತ್ತದೆ. ಬಟನ್ ಸವೆದು ಆ ಉಬ್ಬಿಗೆ ಸಮವಾದರೆ ಟೈರಿನ ಆಯಸ್ಸು ಮುಗಿಯಿತು. ಕೊಳ್ಳುವಾಗ ಪಕ್ಕದ ನಾಲ್ಕು ಅಂಕಿ ನೋಡಿ: 2423 ಎಂದಿದ್ದರೆ 2023ರ 24ನೇ ವಾರದಲ್ಲಿ ತಯಾರಾದದ್ದು. ವಾರಕ್ಕೊಮ್ಮೆ ಗಾಳಿ ಪರೀಕ್ಷಿಸಿ. ಗಾಳಿ ಕಡಿಮೆಯಿದ್ದರೂ ಟೈರ್ ಬೇಗ ಸವೆಯುತ್ತದೆ.

ಫಾಗ್ ಲೈಟು, ಕ್ರ್ಯಾಶ್ ಗಾರ್ಡ್‌ಗಳಿಗೆ ಕೂಡಿಟ್ಟ ದುಡ್ಡನ್ನು ಮೊದಲು ಟೈರಿಗೆ ಹಾಕೋಣ. ಗೆಳೆಯ ಈಗ ಹಾಗೇ ಮಾಡಿದ್ದಾನೆ. ಆದರೆ ಆ ಪರೀಕ್ಷೆಗೆ ಅವನು ಮುಂದಿನ ಅಧಿಸೂಚನೆವರೆಗೆ ಕಾಯಬೇಕು.