ಹುಟ್ಟದ ಚಿತ್ರಕ್ಕೆ ಕುಲಾವಿ

ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡು ನಮ್ಮ ಹಿರಿಯರು ನಕ್ಕರು. ಹೊಲಿಸಿದ ಕುಲಾವಿಗೆ ತಲೆ ಹೊಂದಲಿಲ್ಲವೆಂದು ಕೂಸನ್ನೇ ಬಯ್ಯುವವರನ್ನು ಪಾಪ, ಅವರು ಕಂಡಿರಲಿಲ್ಲ. ಆ ಭಾಗ್ಯ ನಮ್ಮ ಕಾಲಕ್ಕೆ ಮೀಸಲಾಗಿತ್ತು. ಹೆಸರಾಂತ ನಿರ್ದೇಶಕನೊಬ್ಬ ಗುಟ್ಟುಬಿಡದೆ ಚಿತ್ರ ತೆಗೆಯಲು ಹೊರಟನೆಂದರೆ ಸಾಕು, ಕಥೆ ಏನು, ನಾಯಕ ಯಾರನ್ನು ಕೊಲ್ಲುತ್ತಾನೆ, ನಾಯಕಿ ಯಾರ ಮಗಳು ಎಂದು ಲೋಕವೆಲ್ಲ ಊಹೆಗೆ ಕೂಡುತ್ತದೆ. ಇದನ್ನು ಕಲಾಭಿಮಾನವೆನ್ನುವವರುಂಟು. ನನಗೆ ಅದು ಕಲೆಗೆ ಎಸಗುವ ಅಪಚಾರವೆಂದು ತೋರುತ್ತದೆ. ಕಾರಣ ಹೇಳುತ್ತೇನೆ; ಒಪ್ಪುವುದು, ಬಿಡುವುದು ವಾಚಕರ ಚಿತ್ತ.

ಸ್ಟ್ಯಾನ್ಲಿ ಕುಬ್ರಿಕ್‌ನ ಕೊನೆಯ ಚಿತ್ರದ ಸಂಗತಿಯನ್ನೇ ತೆಗೆದುಕೊಳ್ಳಿ. 1987ರಲ್ಲಿ ‘ಫುಲ್ ಮೆಟಲ್ ಜಾಕೆಟ್’ ಬಂದ ಮೇಲೆ ಆತ ಬಹುಕಾಲ ಯಾವ ಚಿತ್ರವನ್ನೂ ಕೊಟ್ಟಿರಲಿಲ್ಲ. 1996ರ ನವೆಂಬರಿನಲ್ಲಿ, ಆಗ ಗಂಡಹೆಂಡಿರಾಗಿದ್ದ ಟಾಮ್ ಕ್ರೂಸ್ ಮತ್ತು ನಿಕೋಲ್ ಕಿಡ್ಮನ್ ಅವರನ್ನು ಹಾಕಿಕೊಂಡು ಇಂಗ್ಲೆಂಡಿನಲ್ಲಿ ‘ಐಸ್ ವೈಡ್ ಶಟ್’ ಆರಂಭಿಸಿದ. ವಿಮಾನ ಹತ್ತಲು ಒಲ್ಲದ ಮನುಷ್ಯ. ನ್ಯೂಯಾರ್ಕಿನ ಬೀದಿಗಳೇ ಲಂಡನ್ನಿನ ಹತ್ತಿರದ ಪೈನ್‌ವುಡ್ ಸ್ಟುಡಿಯೋದಲ್ಲಿ ಎದ್ದುನಿಂತವು. ಮುಗಿಯುವ ಹೊತ್ತಿಗೆ 1998 ಬಂದಿತ್ತು. ಅತಿ ದೀರ್ಘ ಕಾಲ ನಿರಂತರವಾಗಿ ನಡೆದ ಚಿತ್ರೀಕರಣವೆಂದು ಗಿನ್ನೆಸ್ ಪುಸ್ತಕ ಬರೆದುಕೊಂಡಿತು: 400 ದಿನ. ಇದು ಅಸೂಯೆಯ, ಕಾಮದ ಗೀಳಿನ ಕಥೆ ಎಂದು ಮೊದಲಲ್ಲೇ ಒಂದು ಸಾಲು ಹೇಳಿ ನಿರ್ಮಾಪಕ ಸಂಸ್ಥೆ ಸುಮ್ಮನಾಗಿತ್ತು.

ಬೆಂಕಿಗೆ ಆ ಒಂದು ಸಾಲಿನ ಕಡ್ಡಿ ಸಾಕಾಯಿತು. ಗಂಡಹೆಂಡಿರಿಬ್ಬರೂ ಮನೋವೈದ್ಯರ ಪಾತ್ರ ವಹಿಸಿದ್ದಾರೆ, ತಮ್ಮ ರೋಗಿಗಳೊಡನೆಯೇ ಸಂಬಂಧ ಬೆಳೆಸುತ್ತಾರೆ ಎಂದು ಪತ್ರಿಕೆಗಳು ಬರೆದವು. ಹಾರ್ವಿ ಕೈಟೆಲ್ ನಡುವೆ ಬಿಟ್ಟುಹೋಗಿ ಸಿಡ್ನಿ ಪೊಲಾಕ್ ಆ ಜಾಗಕ್ಕೆ ಬಂದದ್ದೇ ತಡ, ಅದಕ್ಕೂ ಬಗೆಬಗೆಯ ಪುರಾಣ ಹುಟ್ಟಿತು. ಹಾಲಿವುಡ್ ಹಿಂದೆಂದೂ ಕಾಣದ ಶೃಂಗಾರ ಚಿತ್ರ ಬರಲಿದೆಯೆಂದು ಜನ ಕಣ್ಣರಳಿಸಿ ಕೂತರು.

ಈಗ ತಮಾಷೆ ನೋಡಿ. ಗುಟ್ಟೆಂದು ಇವರೆಲ್ಲ ಬೆನ್ನಟ್ಟಿದ ಕಥೆ ಪುಸ್ತಕದ ಕಪಾಟಿನಲ್ಲಿ ತೆರೆದೇ ಬಿದ್ದಿತ್ತು! ವಿಯೆನ್ನಾದ ಆರ್ಥರ್ ಷ್ನಿಟ್ಸ್‌ಲರ್ 1926ರಲ್ಲಿ ಪುಸ್ತಕವಾಗಿ ತಂದ ‘ಟ್ರೌಮ್‌ನೊವೆಲ್ಲೆ’ ಎಂಬ ಕಿರುಕಾದಂಬರಿ ಅದು. ಅದರ ಇಂಗ್ಲಿಷ್ ಅನುವಾದ ದಶಕಗಳಿಂದ ಓದುಗರಿಗೆ ಸಿಗುತ್ತಿತ್ತು. ಕುಬ್ರಿಕ್‌ಗೆ ಆ ಕಥೆಯ ಮೇಲೆ ಕಣ್ಣಿದೆಯೆಂಬ ಸುದ್ದಿಯೂ 1970ರ ದಶಕದಷ್ಟು ಹಳೆಯದು. ವರ್ಷಗಟ್ಟಲೆ ಹರಟೆ ಹೊಡೆದವರಲ್ಲಿ ಒಂದು ಸಂಜೆ ಕೂತು ಆ ಪುಸ್ತಕ ಓದಿ ಮುಗಿಸಿದವರು ಎಷ್ಟು ಮಂದಿ? ಓದಿದ್ದರೆ ಮನೋವೈದ್ಯರ ಗಾಳಿಮಾತು ಒಂದು ದಿನವೂ ನಿಲ್ಲುತ್ತಿರಲಿಲ್ಲ. ಊಹೆಯಲ್ಲಿ ಕುತೂಹಲವಿದೆಯೆಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ. ನಿಜವಾದ ಕುತೂಹಲಕ್ಕೆ ಕಾಲಿದೆ. ಅದು ಪುಸ್ತಕಾಲಯದವರೆಗೆ ನಡೆಯುತ್ತದೆ. ಇವರಿಗೆ ಬೇಕಾಗಿದ್ದದ್ದು ತಿಳಿವಲ್ಲ, ತಿಳಿಯದಿರುವುದರ ಕಚಗುಳಿ.

1999ರ ಮಾರ್ಚ್ 7ರಂದು, ಚಿತ್ರವನ್ನು ಸಂಸ್ಥೆಯವರಿಗೂ ತಾರೆಯರಿಗೂ ತೋರಿಸಿದ ಕೆಲವೇ ದಿನಗಳಲ್ಲಿ, ಕುಬ್ರಿಕ್ ತನ್ನ 70ನೆಯ ವಯಸ್ಸಿನಲ್ಲಿ ತೀರಿಕೊಂಡ. ಜುಲೈ 16ರಂದು ಚಿತ್ರ ಅಮೆರಿಕದಲ್ಲಿ ತೆರೆಕಂಡಿತು. ತೆರೆಯ ಮೇಲೆ ಬಂದದ್ದೇನು? ಹೆಂಡತಿ ಒಂದು ರಾತ್ರಿ, ಹಿಂದೊಮ್ಮೆ ಕಂಡ ನೌಕಾಪಡೆಯ ಅಧಿಕಾರಿಯೊಬ್ಬನ ಮೇಲೆ ತನಗೆ ಹುಟ್ಟಿದ್ದ ಆಸೆಯನ್ನು ಗಂಡನಿಗೆ ಹೇಳಿಬಿಡುತ್ತಾಳೆ. ನಡೆದದ್ದೇನೂ ಇಲ್ಲ, ಬರಿಯ ಆಸೆ. ವೈದ್ಯನಾದ ಗಂಡ ಆ ಮಾತಿನ ಮುಳ್ಳನ್ನು ಹೊತ್ತು ಕ್ರಿಸ್‌ಮಸ್ ದೀಪಗಳ ನಡುವೆ ಊರು ಅಲೆಯುತ್ತಾನೆ. ದಾಂಪತ್ಯವೆಂಬ ಕೋಣೆಯಲ್ಲಿ ಎಷ್ಟು ಬಾಗಿಲು ಮುಚ್ಚಿರಬೇಕು, ಎಷ್ಟು ತೆರೆದಿರಬೇಕು ಎಂದು ನಿಧಾನವಾಗಿ ಕೇಳುವ ಚಿತ್ರ ಅದು. ಮುಖವಾಡದವರ ಕೂಟದ ದೃಶ್ಯ ಉಂಟು, ನಿಜ; ಅದರಲ್ಲಿ ಕಾಮಕ್ಕಿಂತ ಶವಸಂಸ್ಕಾರದ ಗಾಂಭೀರ್ಯ ಹೆಚ್ಚು. ಎರಡೂವರೆ ವರ್ಷ ಬೇರೊಂದು ಚಿತ್ರವನ್ನು ಮನಸ್ಸಿನಲ್ಲೇ ನೋಡಿ ಮುಗಿಸಿದ್ದ ಅನೇಕರಿಗೆ ಇದು ಚಪ್ಪೆಯಾಯಿತು. ನಮ್ಮ ಹಸಿವಿಗೆ ತಕ್ಕ ಊಟವಲ್ಲವೆಂದು ಎದ್ದುಹೋದರು. ಬಡಿಸಿದ್ದನ್ನು ಬಾಯಿಗಿಟ್ಟು ನೋಡಿ ಬೇಡವೆಂದಿದ್ದರೆ ಅದು ವಿಮರ್ಶೆ. ಅದಕ್ಕೆ ನನ್ನ ತಕರಾರಿಲ್ಲ.

ಗುಟ್ಟು ಮಾಡುವ ನಿರ್ದೇಶಕನದೇ ತಪ್ಪಲ್ಲವೆ ಎಂದು ಕೇಳುವವರಿದ್ದಾರೆ. ಗುಟ್ಟಿನಲ್ಲಿಯೂ ಜಾತಿಗಳಿವೆ, ಸ್ವಾಮಿ. 1960ರಲ್ಲಿ ‘ಸೈಕೋ’ ಬಂದಾಗ ಹಿಚ್‌ಕಾಕ್, ಚಿತ್ರ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಚಿತ್ರಮಂದಿರಗಳಿಗೆ ಕಟ್ಟುಮಾಡಿದ. ವಿಮರ್ಶಕರಿಗೆ ಪ್ರತ್ಯೇಕ ಪ್ರದರ್ಶನವೂ ಇಲ್ಲ. ಜನರ ನಡುವೆ ಕೂತೇ ನೋಡಬೇಕಾಯಿತು. ಆತನಲ್ಲಿ ವ್ಯಾಪಾರಿಯ ಜಾಣತನ ಧಾರಾಳವಾಗಿತ್ತು, ಇರಲಿ. ಆ ಗುಟ್ಟು ಕೊನೆಗೆ ಪ್ರೇಕ್ಷಕನನ್ನು ಮೊದಲ ದೃಶ್ಯದಿಂದ ಕೂರಿಸಿ, ತೆರೆಯ ಕಡೆಗೆ ಮುಖ ಮಾಡಿಸಿತು. ಈಗಿನ ಬಿಡಿಬಿಡಿ ಸುಳಿವಿನ ಗುಟ್ಟಾದರೋ ಎರಡು ವರ್ಷ ಮುಂಚಿನಿಂದ ನಮ್ಮನ್ನು ತೆರೆಯಿಂದ ಆಚೆಗೆ ಓಡಾಡಿಸುತ್ತದೆ. ಒಂದು ನೆರಳಿನ ಚಿತ್ರ, ಒಂದು ಅಕ್ಷರದ ಶೀರ್ಷಿಕೆ ಎಸೆದರೆ ಅಭಿಮಾನಿ ಸಂಬಳವಿಲ್ಲದೆ ಡಂಗುರ ಹೊಡೆಯುತ್ತಾನೆ. ಪತ್ರಿಕೆಗಳೇನು ಕಡಮೆ? ಬಂದ ಚಿತ್ರದ ವಿಮರ್ಶೆಗೆ ಅರ್ಧ ಕಾಲಂ ಕೊಡಲು ಜಾಗವಿಲ್ಲದವರು ಬಾರದ ಚಿತ್ರಕ್ಕೆ ಪುಟ ಬಿಡುತ್ತಾರೆ.

ಈ ಚಟ ಚಿತ್ರ ಬಂದ ಮೇಲಾದರೂ ಬಿಟ್ಟೀತೆ? ಅದೂ ಇಲ್ಲ. ಕುಬ್ರಿಕ್‌ನ ‘ದಿ ಶೈನಿಂಗ್’ 1980ರದು. ಅದರಲ್ಲಿ ಪುಟ್ಟ ಹುಡುಗ ತೊಟ್ಟ ಸ್ವೆಟರಿನ ಮೇಲೆ ಅಪೋಲೋ 11 ರಾಕೆಟ್ಟಿನ ಚಿತ್ರವಿದೆಯೆಂದು, 1969ರಲ್ಲಿ ಚಂದ್ರನ ಮೇಲೆ ಮನುಷ್ಯ ಇಳಿದದ್ದು ಸುಳ್ಳು, ಆ ದೃಶ್ಯ ತೆಗೆದುಕೊಟ್ಟವನೇ ಕುಬ್ರಿಕ್ ಎಂದು ವಾದ ಹೂಡಿದವರಿದ್ದಾರೆ. ಇಂಥ ವ್ಯಾಖ್ಯಾನಗಳನ್ನೆಲ್ಲ ಕೂಡಿಹಾಕಿ 2012ರಲ್ಲಿ ‘ರೂಮ್ 237’ ಎಂಬ ಸಾಕ್ಷ್ಯಚಿತ್ರವೇ ಬಂತು. ‘ಶೈನಿಂಗ್’ ತೆಗೆಯುವಾಗ ಜೊತೆಗಿದ್ದ ಸಹಾಯಕ ಲಿಯಾನ್ ವಿಟಾಲಿ ಅವನ್ನು ಹುರುಳಿಲ್ಲದ ಮಾತೆಂದು ತಳ್ಳಿಹಾಕಿದರು. ಕೇಳುವವರಾರು? ಊಹೆಗಾರನಿಗೆ ಅಲ್ಲಗಳೆಯುವುದೂ ಒಂದು ಸಾಕ್ಷಿಯೇ. ಲೆಕ್ಕಾಚಾರದಲ್ಲಿ ಜುಗ್ಗನಂತೆ ಕೆಲಸಮಾಡಿದ, ಒಂದೊಂದು ದೃಶ್ಯವನ್ನೂ ಹತ್ತಾರು ಸಲ ತೆಗೆದ ಕಲಾವಿದನ ಹೆಸರು ಹೀಗೆ ವಂಚಕನ ಹೆಸರಾಗುವುದನ್ನು ನೋಡಿ ಸುಮ್ಮನಿರುವುದು ಕಷ್ಟ.

‘ಐಸ್ ವೈಡ್ ಶಟ್’ನಿಂದ 24 ನಿಮಿಷ ಕತ್ತರಿಸಿ ಬಚ್ಚಿಟ್ಟಿದ್ದಾರೆಂಬ ಮಾತು ಇಂದಿಗೂ ಓಡಾಡುತ್ತಿದೆ, ಪುರಾವೆ ಕೇಳಿದರೆ ಮತ್ತೊಂದು ಊಹೆ ಕೈಗೆ ಬರುತ್ತದೆ. ನಡೆದ ಅನ್ಯಾಯ ಬೇರೆಯೇ ಇತ್ತು, ಹಗಲಿನಲ್ಲೇ ನಡೆಯಿತು. ನಿರ್ದೇಶಕ ಸತ್ತ ಮೇಲೆ ಅಮೆರಿಕದ ಪ್ರತಿಗಳಲ್ಲಿ, ಬೇಕಾದ ದರ್ಜೆಯ ಪ್ರಮಾಣಪತ್ರಕ್ಕಾಗಿ, ಮುಖವಾಡದ ಕೂಟದ ದೃಶ್ಯದಲ್ಲಿ ಕಂಪ್ಯೂಟರಿನಿಂದ ರಚಿಸಿದ ಆಕೃತಿಗಳನ್ನು ಅಡ್ಡ ನಿಲ್ಲಿಸಿದರು. ಯೂರೋಪಿನವರು ಆ ಅಡ್ಡಗೋಡೆಯಿಲ್ಲದೆ ನೋಡಿದರು. ಅಮೆರಿಕದ ಕೆಲವು ವಿಮರ್ಶಕರು ಆಗಲೇ ಇದನ್ನು ಬಲವಾಗಿ ಖಂಡಿಸಿದರು. 24 ನಿಮಿಷ ಹುಡುಕುವವರ ಬಾಯಲ್ಲಿ ಆ ಆಕೃತಿಗಳ ಸುದ್ದಿ ಕೇಳುವುದು ಬಲು ಅಪರೂಪ.